ಹರಿದು ಕೊಟ್ಟ ಬಟ್ಟೆ

ಬಿಷ್ಕೆಕ್, 20 ಸೆಪ್ಟೆಂಬರ್ 1998

ಪ್ರೀತಿಯ ಬುರುಲ್ ತಾಯೆಜೆಗೆ ಚೊಲ್ಪೋನಳ ಸಲಾಂ.

ಮೊದಲಿಗೇ ಕ್ಷಮಿಸಿಬಿಡಿ. ಆಲೂಗಡ್ಡೆ ಅಗೆಯುವ ಕಾಲ, ಕೂತು ಕಾಗದ ಓದಲು ನಿಮಗೆ ಪುರುಸೊತ್ತು ಎಲ್ಲಿರುತ್ತದೆ ಅಂತ ಗೊತ್ತು. ಬರೆಯಬಾರದು ಅಂತ ಮೂರು ದಿನ ತಡೆದುಕೊಂಡೆ. ಅಮ್ಮನಿಗೆ ಬರೆಯೋಣವೆಂದರೆ ಅಮ್ಮ ಅಪ್ಪ ಇಬ್ಬರೂ ಇನ್ನೂ ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಲ್ಲೇ ಇದ್ದಾರೆ, ಅಲ್ಲಿಗೆ ಯಾವ ಕಾಗದ ಹೋಗುತ್ತದೆ? ಅಮ್ಮನಿಗೆ ಅಕ್ಕ ಅಂತ ಇರುವವರು ನೀವೊಬ್ಬರೇ, ಹಾಗಾಗಿ ನಿಮಗೇ ಕಾಟ.

ಏಳನೇ ವಯಸ್ಸಿನಿಂದ ಹಾಸ್ಟೆಲ್ ಊಟ ತಿಂದು ಬೆಳೆದವಳಿಗೆ ಇನ್ನೊಂದು ಹಾಸ್ಟೆಲ್ ಏನು ಹೊಸದು ಅಂತ ನೀವು ಕೇಳಬಹುದು. ಹೊಸದೇ. ಇಂಗ್ಲಿಷ್ ವಿಭಾಗದಲ್ಲಿ ಎಲ್ಲರೂ ನನಗಿಂತ ಮುಂದೆ. ನನ್ನ ರಷ್ಯನ್ ಅರ್ಧ, ಇಂಗ್ಲಿಷ್ ಅರ್ಧ, ನಮ್ಮ ಭಾಷೆಯೂ ಈಗೀಗ ಅರ್ಧವೇ. ಉಚ್ಚಾರಣೆಯ ಟೀಚರ್ ನನ್ನ ಕೈಗೆ ಕನ್ನಡಿ ಕೊಟ್ಟು, ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಊದು ಅನ್ನುತ್ತಾರೆ. ಊದಿದರೆ ಕನ್ನಡಿ ಮಂಜಾಗುತ್ತದೆ, ಶಬ್ದ ಬರುವುದಿಲ್ಲ. ಕ್ಲಾಸಿಗೆ ಕ್ಲಾಸೇ ನಗುತ್ತದೆ. ಒಂದು ತಿಂಗಳಾಗಿಲ್ಲ, ಆಗಲೇ ಫೇಲಾಗುತ್ತೇನೆ ಅನ್ನಿಸಿದೆ.

ಇನ್ನೊಂದು ವಿಷಯ, ಅಮ್ಮನಿಗೆ ಹೇಳಬೇಡಿ. ವಿದ್ಯಾರ್ಥಿವೇತನ ಬಂದ ದಿನ ಡಿಕ್ಷನರಿ ತರುತ್ತೇನೆ ಅಂತ ಹೊರಟವಳು ಬಜಾರಿನ ಬಟ್ಟೆ ಸಾಲಿಗೆ ಹೋಗಿಬಿಟ್ಟೆ. ಆ ಸಾಲಿಗೆ ಕಾಲಿಟ್ಟರೆ ನನಗೇನೋ ಆಗುತ್ತದೆ ತಾಯೆಜೆ. ಥಾನಿನ ಮೇಲೆ ಥಾನು, ಮಖಮಲ್, ಸ್ಯಾಟಿನ್, ಹೂವಿನ ಚೀಟಿ ಬಟ್ಟೆ. ಮಾರುವವಳು ಕತ್ತರಿಯಲ್ಲಿ ಒಂದು ಚೂರು ಕಚ್ಚಿಸಿ ಪರ್‍ರ್ ಅಂತ ಹರಿದುಕೊಟ್ಟಳೆಂದರೆ ನನ್ನ ತಲೆಯೊಳಗಿನ ಟೆನ್ಷನ್ನೂ ಅದರ ಜೊತೆಗೇ ಹರಿದು ಹೋದ ಹಾಗೆ. ಹಾಸ್ಟೆಲ್ ಮುಟ್ಟುವ ಹೊತ್ತಿಗೆ ಟೆನ್ಷನ್ ವಾಪಸ್ ಬಂದಿರುತ್ತದೆ, ಡಿಕ್ಷನರಿ ಮಾತ್ರ ಬಂದಿರುವುದಿಲ್ಲ.

ಮಂಚದ ಕೆಳಗೆ ಶುರು ಮಾಡಿದ ಕೌದಿ ಆರು ಇವೆ. ಮುಗಿದದ್ದು ಒಂದೂ ಇಲ್ಲ. ರೂಮಿನಲ್ಲಿ ಜೊತೆಗಿರುವ ತಲಾಸ್ ಕಡೆಯ ಶಾಯಿರ್ ಹೇಳುತ್ತಾಳೆ: "ನಿನಗೆ ಹೊಲಿಯುವ ಚಟ ಅಲ್ಲ ಕಣೇ, ಕೊಳ್ಳುವ ಚಟ. ಹೊಲಿಗೆ ಬರೀ ನೆಪ." ಸಿಟ್ಟು ಬರುತ್ತದೆ. ನಿಜ ಅನ್ನುವುದಕ್ಕೇ ಸಿಟ್ಟು.

ರಜೆಯಲ್ಲಿ ನಿಮ್ಮ ಪಕ್ಕ ಕೂತು ಹೊಲಿದಾಗ ತ್ರಿಕೋನಗಳ ತುದಿ ಸರಿಯಾಗಿ ಕೂಡುತ್ತಿತ್ತು. ಇಲ್ಲಿ ತುದಿಯೆಲ್ಲ ಹೊಲಿಗೆಯೊಳಗೆ ಹುದುಗಿ ಹೋಗುತ್ತಿದೆ. ಯಾಕೆ? ಮತ್ತೆ, ನನಗೇ ಅಂತ ಹೊಲಿದರೆ ಮುಗಿಯುವುದಿಲ್ಲ. ನಿಮಗೆ ಬೇಕಾದ್ದು ಏನಾದರೂ ಇದ್ದರೆ ಹೇಳಿ, ಅದನ್ನಾದರೂ ಮುಗಿಸುತ್ತೇನೆ.

ನಿಮ್ಮ ಚೊಲ್ಪೋನ್


ಅಟ್-ಬಾಶಿ, 4 ಅಕ್ಟೋಬರ್

ಚೊಲ್ಪೋನ್, ನಿನ್ನ ಕಷ್ಟವೆಲ್ಲ ನನಗೆ ಬರಲಿ ಮಗಳೇ,

ತುದಿ ಯಾಕೆ ಹುದುಗುತ್ತದೆ ಅಂದರೆ ನೀನು ಅವಸರದಲ್ಲಿ ಅಂಚು ಬಿಡದೆ ಕತ್ತರಿಸುತ್ತೀಯ. ಇದಕ್ಕೆ ಇಂಗ್ಲಿಷ್ ಓದಬೇಕಾಗಿಲ್ಲ.

ನೀನೇ ಕೇಳಿದ್ದರಿಂದ ಕೆಲಸ ಕಳಿಸುತ್ತಿದ್ದೇನೆ. ವ್ಯಾನಿನ ಕಲ್ಮುರಾತನ ಕೈಯಲ್ಲಿ ಒಂದು ಗಂಟು ಇದೆ. ಒಂದು ಕೌದಿ ಆಗಬೇಕು. ಚಿಕ್ಕದು. ಒಂದೂವರೆ ಮೊಳ ಅಗಲ, ಎರಡು ಮೊಳ ಉದ್ದ. ಗಂಟಿನಲ್ಲಿ ಇರುವುದರಲ್ಲೇ ಹೊಲಿ. ಹೊರಗಿನದು ಸೇರಿಸಬೇಡ, ಇದ್ದದ್ದನ್ನು ಬಿಡಬೇಡ. ಹಳೆಯದು ನಡುವೆ ಬರಲಿ, ಹೊಸದು ಅಂಚಿಗೆ. ಗಂಟು ಬಿಚ್ಚಿದರೆ ನಿನಗೇ ತಿಳಿಯುತ್ತದೆ, ನಮ್ಮ ಹುಡುಗಿಗೆ ಅದನ್ನೆಲ್ಲ ಬಿಡಿಸಿ ಹೇಳಬೇಕೇ? ಯಾರಿಗೆ ಅಂತ ಕೇಳಬೇಡ. ಕಾಗದದಲ್ಲಿ ಬರೆಯುವ ವಿಷಯವಲ್ಲ. ಜನವರಿ ಮುಗಿಯುವುದರೊಳಗೆ ನನ್ನ ಕೈಗೆ ಬರಬೇಕು.

ಉಣ್ಣೆ ಇಟ್ಟಿದ್ದೇನೆ, ಒಂದು ಚೀಲ ಒಣಮೊಸರಿನ ಕುರುತ್ ಇಟ್ಟಿದ್ದೇನೆ. ಪಾಠ ಓದುವಾಗ ಬಾಯಲ್ಲಿ ಒಂದು ಉಂಡೆ ಇಟ್ಟುಕೋ, ನಾಲಿಗೆ ಹಲ್ಲಿನ ನಡುವೆ ತಾನಾಗಿ ಬರುತ್ತದೆ.

ನಿನ್ನ ತಾಯೆಜೆ ಬುರುಲ್


ಬಿಷ್ಕೆಕ್, 1 ನವೆಂಬರ್

ಪ್ರೀತಿಯ ತಾಯೆಜೆ,

ಗಂಟು ತಲುಪಿತು. ಕುರುತ್ ಎರಡೇ ದಿನಕ್ಕೆ ಖಾಲಿ, ಶಾಯಿರ್ ನನಗಿಂತ ಜಾಸ್ತಿ ತಿಂದಳು. ನೀವು ಇಷ್ಟು ಒಳ್ಳೆಯ ಕೆಂಪು ಸ್ಯಾಟಿನ್, ಕಪ್ಪು ಸ್ಯಾಟಿನ್ ಎಲ್ಲಿ ಹಿಡಿದಿರಿ? ಇಲ್ಲಿ ಸಿಗುವುದು ಮೀನಿನ ಹೊಟ್ಟೆಯ ಹಾಗೆ ಬರೀ ಮಿಂಚು, ನಿಮ್ಮದು ಕೈಯಲ್ಲಿ ಭಾರವಾಗಿ ಕೂರುತ್ತದೆ.

ಆದರೆ ತಾಯೆಜೆ, ಬಟ್ಟೆ ಸಾಲದು. ಅಸ್ತರಿಗೆ ತೆಗೆದಿಟ್ಟರೆ ಮೇಲಿನ ಮೈಗೆ ಅರ್ಧವೂ ಬರುವುದಿಲ್ಲ. ಎರಡೇ ಬಣ್ಣದಲ್ಲಿ ಕೌದಿ ಎಂದರೆ ಅದೇನು ಚಂದ? ನಾನು ಸ್ವಲ್ಪ ಕೂಡಿಸಿಕೊಳ್ಳುತ್ತೇನೆ, ಬಯ್ಯಬೇಡಿ. ಬಜಾರಿನಲ್ಲಿ ನವಿಲುಗತ್ತಿನ ಬಣ್ಣದ ಮಖಮಲ್ ನೋಡಿಟ್ಟಿದ್ದೇನೆ. ಮಾರುವ ಹೆಂಗಸಿಗೆ ಈಗ ನನ್ನ ಗುರುತು ಸಿಗುತ್ತದೆ. ದೂರದಿಂದಲೇ ಕೂಗುತ್ತಾಳೆ: "ಬಾರಮ್ಮಾ ಪ್ರೊಫೆಸರ್, ಇವತ್ತು ಯಾವ ಪುಸ್ತಕದ ದುಡ್ಡು ತಂದಿದ್ದೀಯ?"

ಚಳಿ ಬಂತು. ಮೊನ್ನೆ ಶನಿವಾರ ಇಡೀ ಹಾಸ್ಟೆಲ್ ಕಿಟಕಿ ಮುಚ್ಚುವ ಕೆಲಸದಲ್ಲಿತ್ತು. ಸಂದಿಗೆಲ್ಲ ತುರುಕಿ, ಮೇಲೆ ಸಾಬೂನು ಸವರಿದ ಕಾಗದದ ಪಟ್ಟಿ ಅಂಟಿಸಿದೆವು. ಬೇರೆ ರೂಮಿನವರು ತುರುಕಲು ಹಳೇ ಸಾಕ್ಸ್ ಹುಡುಕಿಕೊಂಡು ಅಲೆಯುತ್ತಿದ್ದರು. ನಮಗೆ ನಿಮ್ಮ ಗಂಟಿನಲ್ಲೇ ಸಾಕಷ್ಟು ಸಿಕ್ಕಿತು. ಪಕ್ಕದ ರೂಮಿಗೂ ಒಂದಿಷ್ಟು ಕೊಟ್ಟೆವು. "ನಿಮ್ಮ ದೊಡ್ಡಮ್ಮ ದೂರದೃಷ್ಟಿಯವರು" ಅಂದಳು ಶಾಯಿರ್. ನಿಮ್ಮ ದಯೆಯಿಂದ ಮಾರ್ಚಿವರೆಗೆ ಬೆಚ್ಚಗಿರುತ್ತೇವೆ.

ಉಚ್ಚಾರಣೆ ಇನ್ನೂ ಹಾಗೇ ಇದೆ.

ಚೊಲ್ಪೋನ್


ಅಟ್-ಬಾಶಿ, 22 ನವೆಂಬರ್

ಚೊಲ್ಪೋನ್,

ನನ್ನ ಉಣ್ಣೆಯನ್ನು ಕಿಟಕಿಗೆ ತುರುಕಿದೆಯಾ? ಪಕ್ಕದ ರೂಮಿಗೆ ದಾನ ಬೇರೆ! ಆ ಉಣ್ಣೆಯನ್ನು ತೊಳೆದು, ಒಣಗಿಸಿ, ಕೋಲಿನಲ್ಲಿ ಬಡಿದು ಹದ ಮಾಡಲು ನನಗೆ ನಾಲ್ಕು ದಿನ ಹಿಡಿದಿತ್ತು. ಓದಿ ಕೈಯಲ್ಲಿದ್ದ ಟೀ ಪಿಯಾಲೆ ಕೆಳಗಿಟ್ಟೆ. ಸೊಸೆ ಕೆಂಜೆ ಮಾತ್ರ ನಕ್ಕಳು. "ಬಿಡಿ ಅಪಾ, ಪಾಪ, ನಗರದವರಿಗೆ ಚಳಿ ಜಾಸ್ತಿ" ಅಂದಳು. ಅವಳು ನಗುವುದು ಕೇಳಿ ಬಹಳ ದಿನವಾಗಿತ್ತು, ಅದಕ್ಕೇ ನಿನ್ನನ್ನು ಬಿಟ್ಟಿದ್ದೇನೆ. ಬೇರೆ ಉಣ್ಣೆ ಕಳಿಸಿದ್ದೇನೆ. ಕೌದಿಗೆ ಮಾತ್ರ.

ಸಾಲದು ಅನ್ನುವ ಮಾತು ನನಗೆ ಅರ್ಥವಾಗಲಿಲ್ಲ. ಮೊಣಕಾಲ ಮೇಲೆ ಹರಡಿ ಎರಡು ಸಲ ಅಳೆದೇ ಕಟ್ಟಿದ್ದೆ. ನಿನ್ನ ಈ ಸಾಲದು ಬಜಾರಿಗೆ ಹೋಗುವ ದಾರಿ ಅಂತ ನನಗೆ ಗೊತ್ತಿಲ್ಲವೇ? ಹೊರಗಿನದು ಬೇಡ ಅಂದರೆ ಬೇಡ.

ಇಲ್ಲಿ ಹಿಮ ಮೊಣಕಾಲುದ್ದ. ನೀರು ನಾನೇ ತರುತ್ತಿದ್ದೇನೆ, ಕೆಂಜೆ ಈಗ ಬಕೆಟ್ ಎತ್ತುವುದಿಲ್ಲ. ಕೆಲಸ ಜಾಸ್ತಿ, ಕಾಗದ ಚಿಕ್ಕದು.

ಬುರುಲ್


ಬಿಷ್ಕೆಕ್, 20 ಡಿಸೆಂಬರ್

ತಾಯೆಜೆ,

ನಿಮಗೆ ಸಿಟ್ಟು ಬರುತ್ತದೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮ ಕೌದಿ ನನ್ನ ಪ್ರಾಣ ತೆಗೆಯುತ್ತಿದೆ.

ಮೂರು ಸಲ ಹೊಲಿದೆ, ಮೂರು ಸಲ ಬಿಚ್ಚಿದೆ. ಮಖಮಲ್ ಜಾರುತ್ತದೆ, ಸ್ಯಾಟಿನ್ ಸುಕ್ಕಾಗುತ್ತದೆ, ಒಂದು ಮೂಲೆ ಕೂಡಿಸಿದರೆ ಇನ್ನೊಂದು ಮೂಲೆ ಓಡಿಹೋಗುತ್ತದೆ. ಕೈಮಷೀನು ತಿರುಗಿಸಿದರೆ ಕೆಳಗಿನ ರೂಮಿನವರು ಛಾವಣಿಗೆ ಪೊರಕೆಯಲ್ಲಿ ಕುಟ್ಟುತ್ತಾರೆ. ಹೋದ ವಾರ ವಾರ್ಡನ್ ಲಿದಿಯಾ ಪಾವ್ಲೊವ್ನಾ ಬಂದು, "ಇದು ಹಾಸ್ಟೆಲೋ ಕಾರ್ಖಾನೆಯೋ?" ಅಂತ ಮಷೀನನ್ನೇ ಎತ್ತಿಕೊಂಡು ಹೋದರು. ಪರೀಕ್ಷೆ ಮುಗಿದ ಮೇಲೆ ಕೊಡುತ್ತಾರಂತೆ. ಈಗ ಎಲ್ಲಾ ಕೈಹೊಲಿಗೆ. ಬೆರಳ ತುದಿ ಜರಡಿಯಾಗಿದೆ, ಪೆನ್ ಹಿಡಿಯಲು ಆಗುವುದಿಲ್ಲ. ಉಚ್ಚಾರಣೆ ಟೆಸ್ಟಿನಲ್ಲಿ ಫೇಲ್. ಇನ್ನೊಂದು ಚಾನ್ಸ್ ಜನವರಿಯಲ್ಲಿ.

ಇಷ್ಟರ ನಡುವೆ ನಿಮ್ಮದು ಒಂದೇ ಹಾಡು: ಸೇರಿಸಬೇಡ, ಬಿಡಬೇಡ, ಕೇಳಬೇಡ. ಒಂದೂವರೆ ಮೊಳದ ಕೌದಿಗೆ ಇಷ್ಟೊಂದು ಗುಟ್ಟು ಯಾಕೆ? ನಾನೇನು ಚಿಕ್ಕವಳೇ? ಶಾಯಿರ್ ಏನು ಹೇಳುತ್ತಾಳೆ ಗೊತ್ತೇ? "ಪೆದ್ದೀ, ಅದು ನಿನ್ನದೇ ಮದುವೆಯ ಪೆಟ್ಟಿಗೆಗೆ. ನಿನ್ನ ಕೈಯಲ್ಲೇ ಹೊಲಿಸಿ, ಬೇಸಿಗೆಗೆ ಯಾವನಿಗಾದರೂ ಕಟ್ಟುತ್ತಾರೆ." ಹಾಗೇನಾದರೂ ಇದ್ದರೆ ಈಗಲೇ ಹೇಳಿಬಿಡಿ. ನಾನು ಮದುವೆಯಾಗುವುದಿಲ್ಲ. ಓದುತ್ತೇನೆ. ಫೇಲಾದರೂ ಓದುತ್ತೇನೆ.

ಮತ್ತೆ ಕೆಂಜೆಗೆ ಏನಾಗಿದೆ? ಮನೆಯಲ್ಲಿ ಸೊಸೆ ಇಟ್ಟುಕೊಂಡು ನೀವು ಈ ವಯಸ್ಸಿನಲ್ಲಿ ಹಿಮದಲ್ಲಿ ನೀರು ಹೊರುವುದೇ? ನೀವು ಹೇಳಲಾರಿರಾದರೆ ರಜೆಗೆ ಬಂದಾಗ ನಾನೇ ಹೇಳುತ್ತೇನೆ.

ಚೊಲ್ಪೋನ್


ಅಟ್-ಬಾಶಿ, 3 ಜನವರಿ 1999

ಚೊಲ್ಪೋನ್,

ನಿನ್ನನ್ನು ಯಾರು ಮದುವೆಯಾಗುತ್ತಾರೆ? ಕಾಗದದಲ್ಲೇ ಇಷ್ಟು ಬಾಯಿ.

ಕೆಂಜೆಯ ವಿಷಯ ನಿನ್ನ ಬಾಯಲ್ಲಿ ಇನ್ನೊಮ್ಮೆ ಬರಬಾರದು. ನಾನು ನೀರು ಹೊರುವುದು ನನ್ನ ಸಂತೋಷಕ್ಕೆ. ಆ ಪುಟವನ್ನು ಅವಳ ಕೈಗೆ ಸಿಗದ ಹಾಗೆ ಒಲೆಗೆ ಹಾಕಿದೆ.

ಹೇಳಿದರೆ ಒಡೆದುಹೋಗುವ ಮಾತು ಕೆಲವು ಇರುತ್ತವೆ. ಅದಕ್ಕೇ ಹೇಳಲಿಲ್ಲ. ಹೇಗಾಗಿದೆಯೋ ಹಾಗೇ ಕಳಿಸು. ಮೂಲೆ ಕೂಡದಿದ್ದರೂ ಪರವಾಗಿಲ್ಲ. ತಿಂಗಳ ಕೊನೆಯ ಒಳಗೆ.

ಬುರುಲ್


ಬಿಷ್ಕೆಕ್, 24 ಜನವರಿ

ಪ್ರೀತಿಯ ತಾಯೆಜೆ,

ಮುಗಿಯಿತು! ವ್ಯಾನಿನ ಕಲ್ಮುರಾತ್ ಬಾಯ್ಕೆಯ ಕೈಗೆ ನಾನೇ ಹೋಗಿ ಕೊಟ್ಟು ಬಂದೆ. ಒದ್ದೆ ಮಾಡಬೇಡಿ, ಇದರ ಮೇಲೆ ಹಿಟ್ಟಿನ ಚೀಲ ಇಡಬೇಡಿ ಅಂತ ಮೂರು ಸಲ ಹೇಳಿದೆ. "ಮಗು ಒಪ್ಪಿಸುವವಳ ಹಾಗೆ ಆಡುತ್ತೀಯಲ್ಲ" ಅಂತ ನಕ್ಕರು.

ಉಚ್ಚಾರಣೆಯೂ ಪಾಸಾಯಿತು. ಐದಕ್ಕೆ ಬರೀ ಮೂರು ಅಂಕದ ಪಾಸು, ಆದರೂ ಪಾಸು ಪಾಸೇ.

ನೀವು ಹೇಳಿದ ಹಾಗೆ ಹಳೆಯದನ್ನು ನಡುವೆ ಇಟ್ಟಿದ್ದೇನೆ, ಅಂದರೆ ನಿಮ್ಮ ಕೆಂಪು ಕಪ್ಪು ಸ್ಯಾಟಿನ್. ಅದರ ಸುತ್ತ ನವಿಲು ಬಣ್ಣದ ಮಖಮಲ್, ಆಮೇಲೆ ಹಳದಿ ಹೂವಿನ ಚೀಟಿ ಬಟ್ಟೆ, ಅಂಚಿಗೆ ಬಿಳಿ ಚುಕ್ಕಿಯ ನೀಲಿ. ಹೊರಗಿನದು ಸೇರಿಸಬೇಡ ಅಂದಿದ್ದಿರಿ, ತಪ್ಪಾಯಿತು. ಆದರೆ ನೋಡಿದ ಮೇಲೆ ನೀವೇ ಒಪ್ಪುತ್ತೀರಿ. ಎಂಬತ್ತನಾಲ್ಕು ತ್ರಿಕೋನ, ಅದರಲ್ಲಿ ಎಂಬತ್ತರ ತುದಿ ಸರಿಯಾಗಿ ಕೂಡಿದೆ. ಹುಟ್ಟಿದಾಗಿನಿಂದ ನಾನು ಮುಗಿಸಿದ ಮೊದಲ ಕೆಲಸ ಇದು.

ಈಗಲಾದರೂ ಯಾರಿಗೆ ಅಂತ ಹೇಳುತ್ತೀರಾ?

ಚೊಲ್ಪೋನ್


ಅಟ್-ಬಾಶಿ, 31 ಜನವರಿ

ಚೊಲ್ಪೋನ್,

ನಿನ್ನ ಕೌದಿ ಬಂತು. ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ, ಅಸ್ತರು ಬಿಚ್ಚಿಯೂ ನೋಡಿದೆ. ಒಂದೂ ಇಲ್ಲ. ನಾನು ಕಳಿಸಿದ ಇಪ್ಪತ್ತಾರು ತುಂಡಿನಲ್ಲಿ ಒಂದೇ ಒಂದೂ ಇಲ್ಲ.

ಕೆಂಪು ಕಪ್ಪು ಸ್ಯಾಟಿನ್ ಬರೀ ಅಂಚಿಗೆ, ಅಸ್ತರಿಗೆ. ಕೌದಿ ಆಗಬೇಕಾದ್ದು ಅದರ ಮೇಲೆ ಇಟ್ಟಿದ್ದ ಹರಿದ ತುಂಡುಗಳಿಂದ. ಅವು ಜಿರ್ತಿಶ್. ಈ ಮಾತನ್ನಾದರೂ ಕೇಳಿದ್ದೀಯೋ ಇಲ್ಲವೋ? ತುಂಬು ಬಾಳು ಬಾಳಿದವರು ಹೋದಾಗ, ಮಣ್ಣಿಗೆ ಬಂದವರಿಗೆಲ್ಲ ಮನೆಯವರು ಬಟ್ಟೆ ಹರಿದು ಹಂಚುತ್ತಾರೆ. ಕತ್ತರಿಸುವುದಿಲ್ಲ, ಹರಿಯುತ್ತಾರೆ. ಅವರ ಆಯಸ್ಸು ನಮ್ಮ ಮಕ್ಕಳಿಗೆ ಬರಲಿ ಅಂತ ಅದನ್ನು ತಂದು ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಳ್ಳುತ್ತೇವೆ. ಮೂವತ್ತು ವರ್ಷದಲ್ಲಿ ನನಗೆ ಸಿಕ್ಕಿದ್ದು ಇಪ್ಪತ್ತಾರು. ಬರೀ ಬಿಳಿಯದು ನನ್ನ ಅಜ್ಜಿಯದು, ತೊಂಬತ್ತೊಂದಕ್ಕೆ ಹೋದವಳು, ಕೊನೆಯವರೆಗೂ ಹಲ್ಲಿನಲ್ಲೇ ದಾರ ಕಡಿದವಳು. ಸೇಬಿನ ಹೂವಿನದು ಪಕ್ಕದ ಮನೆಯ ಇಬ್ರಾಯಿಮ್ ಅಜ್ಜನದು, ಹದಿನಾಲ್ಕು ಮೊಮ್ಮಕ್ಕಳನ್ನು ಮಡಿಲಲ್ಲಿ ಆಡಿಸಿ ಹೋದವನು. ಬೇರೆಯವರನ್ನೂ ಬರೆಯುತ್ತಿದ್ದೆ, ಕೈ ಏಳುತ್ತಿಲ್ಲ.

ಕೆಂಜೆಗೆ ಎಂಟು ತಿಂಗಳು ತುಂಬುತ್ತಿದೆ. ಎರಡು ಸಲ ಆಗಿ ಎರಡು ಸಲವೂ ಉಳಿಯಲಿಲ್ಲ ಅನ್ನುವುದು ನಿನ್ನ ಅಮ್ಮನಿಗೆ ಗೊತ್ತು, ನಿನಗೆ ಯಾರೂ ಹೇಳಲಿಲ್ಲ. ಈ ಸಲದ್ದು ಬಾಯಿಬಿಟ್ಟು ಯಾರಿಗೂ ಹೇಳಬಾರದು ಅಂತ ನಾನು ಕಾಗದದಲ್ಲೂ ಬರೆಯಲಿಲ್ಲ. ನನ್ನ ತಪ್ಪು. ಗಂಟು ಬಿಚ್ಚಿದರೆ ನಮ್ಮ ಹುಡುಗಿಗೆ ತಿಳಿಯುತ್ತದೆ ಅಂದುಕೊಂಡೆ. ನೀನು ಹಾಸ್ಟೆಲಿನ ಹುಡುಗಿ ಅನ್ನುವುದನ್ನು ಮರೆತಿದ್ದೆ. ಒಂದಾದರೂ ಸಾವಿನ ಮನೆಗೆ ಹೋಗಿ ಕೂತಿದ್ದೀಯಾ ನೀನು? ನಿನಗೆ ಎಲ್ಲ ಭಾಷೆ ಕಲಿಸಿದರು, ಸತ್ತವರ ಮನೆಯಲ್ಲಿ ಏನು ಕೊಡುತ್ತಾರೆ ಅಂತ ಕಲಿಸಲಿಲ್ಲ.

ಈ ಕೌದಿ ನಮಗೆ ಬೇಡ. ಕಲ್ಮುರಾತನ ವ್ಯಾನಿನಲ್ಲಿ ಇವತ್ತು ಜಾಗವಿಲ್ಲ, ಕಾಗದ ಮಾತ್ರ ಒಯ್ಯುತ್ತಿದ್ದಾನೆ. ಕೌದಿ ಬಾಗಿಲ ಹತ್ತಿರ ಕಟ್ಟಿಟ್ಟಿದ್ದೇನೆ, ಮುಂದಿನ ಸಲ ಬರುತ್ತದೆ.

ತುಂಡುಗಳು ಎಲ್ಲಿವೆ? ಅದನ್ನು ಮಾತ್ರ ಬರೆ.

ಬುರುಲ್


ಬಿಷ್ಕೆಕ್, 7 ಫೆಬ್ರುವರಿ

ತಾಯೆಜೆ,

ಕ್ಷಮಿಸಿ ಅಂತ ಬರೆಯಲೂ ನಾಚಿಕೆಯಾಗುತ್ತಿದೆ. ತುಂಡುಗಳು ಕಿಟಕಿಯಲ್ಲಿದ್ದವು.

ಅದು ಉಣ್ಣೆಯಲ್ಲ. ಉಣ್ಣೆ ಅಂತ ನೀವು ಬಯ್ದಾಗ, ಉಣ್ಣೆಗೆ ಇಷ್ಟು ಬಯ್ಯುವವರು ಹಳೇ ಬಟ್ಟೆಗೂ ಬಯ್ಯುತ್ತೀರಿ ಅಂತ ಹೆದರಿ ತಿದ್ದದೆ ಬಿಟ್ಟೆ. ಅದೊಂದು ಸಾಲು ಆಗಲೇ ಬರೆದಿದ್ದರೆ! ಸ್ಯಾಟಿನ್ ಹಾಳಾಗದಿರಲಿ ಅಂತ ನೀವು ಅದರ ಮೇಲೆ ಹರಕುಬಟ್ಟೆ ಹೊದಿಸಿ ಕಳಿಸಿದ್ದೀರಿ ಅಂದುಕೊಂಡಿದ್ದೆ. ಒಂದರ ಅಳತೆ ಇನ್ನೊಂದಕ್ಕಿಲ್ಲ, ಅಂಚೆಲ್ಲ ಎಳೆ ಬಿಟ್ಟಿತ್ತು.

ನಿಮ್ಮ ಕಾಗದ ಓದಿ ಸೀದಾ ಕಿಟಕಿಯ ಹತ್ತಿರ ಹೋಗಿ ಪಟ್ಟಿ ಕೀಳಲು ಶುರು ಮಾಡಿದೆ. ಶಾಯಿರ್ ಕಿರುಚಿದಳು: "ಹುಚ್ಚು ಹಿಡಿಯಿತೇನೇ? ಹೊರಗೆ ಹದಿನೆಂಟು ಡಿಗ್ರಿ ಮೈನಸ್ಸು!" ಕಾಗದವನ್ನು ಅವಳ ಕೈಗೆ ಕೊಟ್ಟೆ. ಓದಿದಳು. ಚಾಕು ತಂದು ಇನ್ನೊಂದು ಕಿಟಕಿ ಹಿಡಿದಳು. ಪಟ್ಟಿ ಕೀಳುತ್ತಲೇ, "ನಮ್ಮೂರಲ್ಲೂ ಕೊಡುತ್ತಾರೆ. ನಾನು ನೋಡಿಯೂ ಗುರುತು ಹಿಡಿಯಲಿಲ್ಲ ನೋಡು. ಗಂಟಿನಿಂದ ಮೊದಲು ಎತ್ತಿ ತುರುಕಿದವಳು ನಾನೇ" ಅಂದಳು. ಪಕ್ಕದ ರೂಮಿನವರು ಮಾತ್ರ ಕಿಟಕಿ ಬಿಚ್ಚಲು ಒಪ್ಪಲಿಲ್ಲ. "ಸಂಪ್ರದಾಯ ಮಾರ್ಚಿನಲ್ಲಿ ಮಾಡಿಕೊಳ್ಳಿ" ಅಂದರು. ನನ್ನ ಒಂದು ಇಡೀ ಥಾನು ಚೀಟಿ ಬಟ್ಟೆ ಕೊಟ್ಟ ಮೇಲೆ ಒಪ್ಪಿದರು. ಲಿದಿಯಾ ಪಾವ್ಲೊವ್ನಾ ಬಂದು ಬಯ್ಯಲು ಬಾಯಿ ತೆರೆದವರು, ನಾನು ಅಳುತ್ತಿದ್ದದ್ದು ನೋಡಿ, ಎರಡು ಕಂಬಳಿ ಎಸೆದು ಹೋದರು.

ಹತ್ತೊಂಬತ್ತು ಸಿಕ್ಕಿವೆ. ಒಂದನ್ನು ಯಾರೋ ಮಸಿಬಟ್ಟೆ ಮಾಡಿ ಸುಟ್ಟುಹಾಕಿದ್ದಾರೆ. ಎರಡು ನೆಲ ಒರೆಸಿ ಹೋಗಿವೆ. ನಾಲ್ಕು ಸಂದಿಯಲ್ಲೇ ಮಂಜುಗಟ್ಟಿ ಅಂಟಿದ್ದವು, ಎಳೆದರೆ ಪುಡಿಯಾದವು. ಬರೀ ಬಿಳಿಯದು ಇದೆ, ಸೇಬಿನ ಹೂವಿನದೂ ಇದೆ. ಸಾಬೂನಿನ ಕಲೆ ಬಿಡಿಸಿ, ತೊಳೆದು, ಹಬೆಯ ಪೈಪಿನ ಮೇಲೆ ಒಣಗಿಸಿದ್ದೇನೆ. ಒಂದು ವಿಷಯ ತಿಳಿಯಲಿಲ್ಲ. ಪ್ರತಿ ತುಂಡಿನ ಅಂಚಿನಲ್ಲೂ ಸೂಜಿಯ ತೂತಿನ ಸಾಲು ಇದೆ. ಕೆಲವಕ್ಕೆ ಎರಡು ಸಾಲು. ಯಾಕೆ?

ಹೇಳಿ, ಹತ್ತೊಂಬತ್ತರಲ್ಲೇ ಹೊಲಿದು ಕಳಿಸಲೇ? ಎರಡು ದಿನ ಕ್ಲಾಸಿಗೆ ಹೋಗದೆ ಕೂತರೆ ಆಗುತ್ತದೆ. ಕೆಂಜೆಯ ಬಗ್ಗೆ ನಾನು ಬರೆದದ್ದನ್ನು ನೀವು ಸುಟ್ಟಿದ್ದು ಒಳ್ಳೆಯದಾಯಿತು.

ಚೊಲ್ಪೋನ್


ನಾರಿನ್, ಆಸ್ಪತ್ರೆಯಿಂದ, 14 ಫೆಬ್ರುವರಿ

ಚೊಲ್ಪೋನ್,

ಈ ಕಾಗದವನ್ನು ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಬುಧವಾರ ಕೆಂಜೆಗೆ ಹೊತ್ತಿಗೆ ಮೊದಲೇ ನೋವು ಬಂತು. ನನ್ನ ಮಗ ತಲಾಂತ್ ಕಾರು ಹುಡುಕಿ ತಂದ. ಅವಳನ್ನು ಹೊರಡಿಸುವ ಗಡಿಬಿಡಿಯಲ್ಲಿ ಆ ಮಹಾರಾಯ ಬಾಗಿಲ ಹತ್ತಿರ ಸಿಕ್ಕಿದ್ದನ್ನು ಎತ್ತಿ ಅವಳ ಹೆಗಲಿಗೆ ಹೊದಿಸಿದ. ಅದು ನಿನ್ನ ಕೌದಿ.

ಹೆಣ್ಣು ಮಗು. ಎರಡು ಕಿಲೋಗೆ ಒಂದು ಹಿಡಿ ಕಡಿಮೆ. ಉಸಿರಾಡುತ್ತಿದೆ. ಹಾಲು ಚೀಪುತ್ತದೆ, ಎರಡು ಗುಟುಕಿಗೆ ಸುಸ್ತಾಗಿ ನಿದ್ದೆ ಹೋಗುತ್ತದೆ. ಹತ್ತು ದಿನ ದಾಟಲಿ, ಆಮೇಲೆ ಮಾತಾಡೋಣ ಅಂದಿದ್ದಾರೆ ಡಾಕ್ಟರು. ಇವತ್ತಿಗೆ ನಾಲ್ಕು.

ಸೂಜಿಯ ತೂತು ಕೇಳಿದೆಯಲ್ಲ. ಆ ತುಂಡುಗಳನ್ನು ನಾನು ಎರಡು ಸಲ ಹೊಲಿದಿದ್ದೇನೆ, ಎರಡು ಸಲ ಬಿಚ್ಚಿದ್ದೇನೆ. ಮೂರನೇ ಸಲ ಸೂಜಿ ಹಿಡಿಯಲು ಕೈ ಬರಲಿಲ್ಲ. ನನ್ನ ಕೈಯಲ್ಲೇ ಏನೋ ಇರಬೇಕು ಅನ್ನಿಸಿತ್ತು. ಅದಕ್ಕೇ ನಿನಗೆ ಕಳಿಸಿದ್ದು, ನಿನ್ನ ಹೊಲಿಗೆ ಚಂದ ಅಂತಲ್ಲ. ಹಾಸ್ಟೆಲ್ ಅಂತ ಆಡಿದ ಮಾತು ಜಾಸ್ತಿಯಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಈಗ ಇಲ್ಲೊಂದು ಹೊಸ ತಲೆನೋವು. ಕೆಂಜೆ ಮಗುವನ್ನು ಆ ಅಂಗಡಿ ಬಟ್ಟೆಯ ಕೌದಿಯ ಮೇಲೇ ಮಲಗಿಸಿಕೊಂಡಿದ್ದಾಳೆ. "ಅದರಲ್ಲಿ ಒಬ್ಬ ಹಿರಿಯರ ಹಾರೈಕೆಯೂ ಇಲ್ಲ ಕಣೇ, ತೆಗೆ" ಅಂದೆ. ಹತ್ತು ವರ್ಷದಲ್ಲಿ ನನ್ನೆದುರು ದನಿ ಎತ್ತದವಳು ಏನಂದಳು ಗೊತ್ತೇ? "ಹೋದ ಎರಡು ಸಲವೂ ಆ ತುಂಡುಗಳ ಕೌದಿ ಮಡಚಿಟ್ಟುಕೊಂಡೇ ಕಾದೆವಲ್ಲ ಅಪಾ. ಈ ಸಲ ಇದೇ ಇರಲಿ." ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಇನ್ನೂ ಅಲ್ಲೇ ಕೂತಿದ್ದೇನೆ.

ಹತ್ತೊಂಬತ್ತರಲ್ಲೇ ಹೊಲಿ. ಬೇಗ ಕಳಿಸು. ಅವಳಿಗೆ ಕಾಣದ ಹಾಗೆ ಹಾಸಿಗೆಯ ಕೆಳಗೆ ಇಡುತ್ತೇನೆ.

ಬುರುಲ್

(ಚೊಲ್ಪೋನ್, ಅಪಾ ಟೀ ತರಲು ಹೋಗಿದ್ದಾರೆ, ಕಾಗದ ಮಡಚಿ ನನ್ನ ಹತ್ತಿರ ಬಿಟ್ಟಿದ್ದಾರೆ, ಓದಿಬಿಟ್ಟೆ. ದಯವಿಟ್ಟು ಕಳಿಸಬೇಡ. ನಾನು ಇನ್ನೊಮ್ಮೆ ಅವನ್ನು ಬಿಚ್ಚುವುದನ್ನು ನೋಡಲಾರೆ. ಕೆಂಜೆ)


ಬಿಷ್ಕೆಕ್, 18 ಫೆಬ್ರುವರಿ

ಪ್ರೀತಿಯ ತಾಯೆಜೆ,

ಮತ್ತೆ ನಿಮ್ಮ ಮಾತು ಮೀರುತ್ತಿದ್ದೇನೆ.

ನೀವು ಕಳಿಸು ಅಂತೀರಿ. ನಿಮ್ಮ ಕಾಗದದ ಹಿಂದೆ ಕೆಂಜೆ ಕಳಿಸಬೇಡ ಅಂತ ಬರೆದಿದ್ದಾಳೆ. ಇದನ್ನು ನಿಮಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಹೇಳುವುದೇ ಸರಿ ಅನ್ನಿಸಿತು. ಹೇಳದೆ ಬಿಟ್ಟದ್ದರಿಂದ ಏನೇನಾಯಿತು ಅಂತ ನಾವು ಮೂವರೂ ನೋಡಿದ್ದೇವೆ. ಅವಳ ಮೇಲೆ ಸಿಟ್ಟಾಗಬೇಡಿ. ಶಾಯಿರನ್ನು ಕೇಳಿದೆ, ನೀನಾದರೆ ಏನು ಮಾಡುತ್ತೀಯ ಅಂತ. "ನಾನಾದರೆ ಪೋಸ್ಟಿನಲ್ಲಿ ಕಳೆದುಹೋಯಿತು ಅಂತ ಬರೆಯುತ್ತೇನೆ" ಅಂದಳು. ನನಗೆ ಅಷ್ಟು ಧೈರ್ಯವಿಲ್ಲ.

ಹತ್ತೊಂಬತ್ತನ್ನೂ ಹೊಲಿದಿದ್ದೇನೆ. ಹೊರಗಿನದು ಒಂದು ಎಳೆಯೂ ಸೇರಿಸಿಲ್ಲ. ಅಂಚನ್ನು ಕತ್ತರಿಸಲಿಲ್ಲ, ಹರಿದಿದ್ದ ಹಾಗೇ ಒಳಕ್ಕೆ ಮಡಚಿದೆ, ನಿಮ್ಮ ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿದೆ. ಬಿಳಿಯದು ನಡುವೆ ಇದೆ. ಮೂಲೆಗಳು ಒಂದೂ ಕೂಡಲಿಲ್ಲ, ಕೂಡಿಸಲು ಹೋಗಲೂ ಇಲ್ಲ.

ಇದು ಮಗುವಿಗಲ್ಲ. ಹಾಸಿಗೆಯ ಕೆಳಗೆ ಅಡಗಿಸಿ ಇಡಬೇಡಿ, ಕೆಂಜೆಗೆ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತದೆ. ಇದು ನಿಮಗೆ. ಆ ಕಾರಿಡಾರಿನಲ್ಲಿ ಒಲೆ ಇಲ್ಲ, ನೀವು ಕೋಟು ಬಿಚ್ಚದೆ ಕೂತಿರುತ್ತೀರಿ ಅಂತ ಕಲ್ಮುರಾತ್ ಬಾಯ್ಕೆ ಹೇಳಿದರು. ಮೊಣಕಾಲ ಮೇಲೆ ಹಾಕಿಕೊಳ್ಳಿ. ನಿಮ್ಮ ಅಜ್ಜಿ, ಇಬ್ರಾಯಿಮ್ ಅಜ್ಜ, ಇನ್ನು ಹದಿನೇಳು ಜನ ನನಗೆ ಹೆಸರು ಗೊತ್ತಿಲ್ಲದವರು, ಎಲ್ಲರೂ ನಿಮ್ಮ ಜೊತೆ ಹೊರಗೇ ಕೂತು ಕಾಯಲಿ. ಒಳಗೆ ಕೆಂಜೆ ಹೇಗೆ ಬೇಕೋ ಹಾಗೆ ನೋಡಿಕೊಳ್ಳಲಿ.

ಇವತ್ತಿಗೆ ಎಂಟು ದಿನ. ನಾನು ಕ್ಲಾಸಿನಲ್ಲಿ ಕೂತಿದ್ದರೂ ತಲೆಯಲ್ಲಿ ಅದೇ ಓಡುತ್ತಿದೆ. ಮಗು ಈಗ ಎಷ್ಟು ಗುಟುಕು ಕುಡಿಯುತ್ತದೆ? ಬೇರೆ ಏನೂ ಬರೆಯದಿದ್ದರೂ ಸರಿ. ಕಲ್ಮುರಾತ್ ಬಾಯ್ಕೆ ಭಾನುವಾರ ವಾಪಸ್ ಬರುತ್ತಾರೆ, ಅವರ ಕೈಯಲ್ಲೇ ಉತ್ತರ ಕಳಿಸಿ. ಬೇಗ ಬರೆಯಿರಿ.

ಚೊಲ್ಪೋನ್